ಒಳಚರಂಡಿ ದುರಸ್ತಿಯಲ್ಲಿ ಕಾರ್ಮಿಕ ಸುರಕ್ಷತೆ

ನೆಲದಡಿಯ ಕೊಳಚೆ ಕೊಳವೆಗಳನ್ನೂ ಅವುಗಳಿಗೆ ಸೇರಿದ ಆಳುಗುಂಡಿ, ಪಂಪ್‌ಬಾವಿಗಳನ್ನೂ ದುರಸ್ತಿ ಮಾಡುವಾಗ ವಿಷಾನಿಲ, ಆಮ್ಲಜನಕದ ಕೊರತೆ, ಮಣ್ಣಿನ ಕುಸಿತ, ನೀರಿನ ನುಗ್ಗಾಟ ಮತ್ತು ಸೋಂಕುಗಳಿಂದ ಕೆಲಸಗಾರರನ್ನು ಕಾಪಾಡಲು ಅನುಸರಿಸುವ ಕ್ರಮ, ಉಪಕರಣ ಹಾಗೂ ಕಾನೂನುಗಳ ಒಟ್ಟು ವ್ಯವಸ್ಥೆಯೇ ಒಳಚರಂಡಿ ದುರಸ್ತಿಯ ಕಾರ್ಮಿಕ ಸುರಕ್ಷತೆ. ಕಟ್ಟಿಕೊಂಡ ಕೊಳವೆಯನ್ನು ಬಿಡಿಸುವುದಕ್ಕೂ ಒಡೆದ ಕೊಳವೆಯನ್ನು ಸರಿಪಡಿಸುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯ ಕೆಲಸವನ್ನು ಬಹುಮಟ್ಟಿಗೆ ಯಂತ್ರಕ್ಕೆ ಒಪ್ಪಿಸಬಹುದು. ಎರಡನೆಯದರಲ್ಲಿ ಮನುಷ್ಯ ಕೆಳಗಿಳಿಯಬೇಕಾದ ಸಂದರ್ಭಗಳು ಇನ್ನೂ ಉಳಿದಿವೆ, ಭಾರತದ ಕಾನೂನೂ ಅವುಗಳಿಗೆ ಷರತ್ತಿನ ಅನುಮತಿ ಕೊಟ್ಟಿದೆ. ಆದ್ದರಿಂದ ದುರಸ್ತಿಯಲ್ಲಿ ಸುರಕ್ಷತೆಯ ನಿಯಮಗಳು ಸ್ವಚ್ಛತೆಯ ಕೆಲಸಕ್ಕಿಂತ ಕಟ್ಟುನಿಟ್ಟಾಗಿರಬೇಕಾಗುತ್ತದೆ.

ಪರಿಭಾಷೆ

ಮನೆಗಳಿಂದ ಬರುವ ಸಣ್ಣ ಕೊಳವೆಗಳು ಬೀದಿಯ ಕೊಳವೆಗೆ, ಬೀದಿಯ ಕೊಳವೆಗಳು ಮುಖ್ಯ ಕೊಳವೆಗೆ ಸೇರುತ್ತವೆ. ಹಲವು ಮುಖ್ಯ ಕೊಳವೆಗಳ ನೀರನ್ನು ಶುದ್ಧೀಕರಣ ಘಟಕಕ್ಕೆ ಒಯ್ಯುವ ದೊಡ್ಡ ಕೊಳವೆಗೆ ಟ್ರಂಕ್ ಲೈನ್ ಎಂಬ ಹೆಸರು ಬಳಕೆಯಲ್ಲಿದೆ. ಇಡೀ ಜಾಲವನ್ನು ಕರ್ನಾಟಕದ ಪಟ್ಟಣಗಳಲ್ಲಿ ಯುಜಿಡಿ ಎನ್ನುತ್ತಾರೆ. ಕೊಳವೆಯನ್ನು ಪರಿಶೀಲಿಸಲು ರಸ್ತೆಯ ಮಟ್ಟದಿಂದ ತಳದವರೆಗೆ ಕಟ್ಟಿದ ಗುಂಡಿಯೇ ಆಳುಗುಂಡಿ. ಆಡುಮಾತಿನಲ್ಲಿ ಮ್ಯಾನ್‌ಹೋಲ್ ಅಥವಾ ಚೇಂಬರ್. ಪಂಪಿಗೆ ನೀರು ಒದಗಿಸುವ ಆಳವಾದ ತೊಟ್ಟಿಗೆ ಪಂಪ್‌ಬಾವಿ ಅಥವಾ ವೆಟ್‌ವೆಲ್ ಎನ್ನುತ್ತಾರೆ. ಒಳಹೋಗುವ, ಹೊರಬರುವ ದಾರಿ ಕಿರಿದಾಗಿದ್ದು, ಗಾಳಿಯಾಟ ಸಾಲದೆ, ಮನುಷ್ಯ ಸದಾ ಇರಲೆಂದು ಕಟ್ಟದ ಜಾಗವನ್ನು ಸುರಕ್ಷತಾ ಶಾಸ್ತ್ರದಲ್ಲಿ ಇಕ್ಕಟ್ಟು ಸ್ಥಳ ಎಂದು ಕರೆಯಲಾಗುತ್ತದೆ. ಮೇಲೆ ಹೇಳಿದ ಎಲ್ಲ ರಚನೆಗಳೂ ಈ ವರ್ಗಕ್ಕೆ ಸೇರುತ್ತವೆ. ದಶಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗ ಅನಿಲ ಎಂಬ ಅಳತೆಗೆ ಪಿಪಿಎಂ ಎಂದು ಹೆಸರು.

ಹಿನ್ನೆಲೆ

ಮುಚ್ಚಿದ ಚರಂಡಿಗಳು ಸಿಂಧೂ ಕಣಿವೆಯ ನಗರಗಳಲ್ಲಿಯೇ ಇದ್ದವು. ಆಳದ ಕೊಳವೆಗಳನ್ನು ಹೂತು ನಗರದ ಕೊಳಚೆಯನ್ನೆಲ್ಲ ದೂರಕ್ಕೆ ಸಾಗಿಸುವ ಆಧುನಿಕ ಪದ್ಧತಿ ಬೆಳೆದದ್ದು 19ನೆಯ ಶತಮಾನದಲ್ಲಿ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ವಾಸನೆ ಲಂಡನ್ ನಗರವನ್ನು ಕಂಗೆಡಿಸಿದ ಮೇಲೆ ಜೋಸೆಫ್ ಬಜಾಲ್ಗೆಟ್ ಎಂಬ ಎಂಜಿನಿಯರ್ ಅಲ್ಲಿ ಕಟ್ಟಿಸಿದ ಜಾಲವನ್ನು ಮುಂದೆ ಅನೇಕ ನಗರಗಳು ಮಾದರಿಯಾಗಿ ತೆಗೆದುಕೊಂಡವು. ಬ್ರಿಟಿಷ್ ಆಳ್ವಿಕೆಯ ಕಲ್ಕತ್ತ, ಮುಂಬಯಿಗಳಿಗೂ ಈ ಪದ್ಧತಿ ಬಂತು. ಬೆಂಗಳೂರಿನಲ್ಲಿ ಒಳಚರಂಡಿಯ ಕೆಲಸ ಆರಂಭವಾದದ್ದು 1922ರಲ್ಲಿ.

ಕೆಳಗಿಳಿಯುವವರ ಸುರಕ್ಷತೆಯ ಮೊದಲ ಪಾಠಗಳು ಬಂದದ್ದು ಗಣಿಗಳಿಂದ. 1815ರಲ್ಲಿ ಹಂಫ್ರಿ ಡೇವಿ ರೂಪಿಸಿದ ಸುರಕ್ಷಾ ದೀಪವನ್ನು ಇಳಿಬಿಟ್ಟು, ಅದರ ಜ್ವಾಲೆ ಕುಗ್ಗಿದರೆ ಆಮ್ಲಜನಕ ಕಡಿಮೆಯೆಂದೂ ಜ್ವಾಲೆ ಉದ್ದವಾದರೆ ಉರಿಯುವ ಅನಿಲವಿದೆಯೆಂದೂ ತಿಳಿಯುತ್ತಿದ್ದರು. ಸೀಸದ ಅಸಿಟೇಟಿನಲ್ಲಿ ನೆನೆಸಿದ ಕಾಗದ ಕಪ್ಪಾದರೆ ಹೈಡ್ರೋಜನ್ ಸಲ್ಫೈಡ್ ಇದೆ ಎಂದು ಅರ್ಥ. ಈ ಕಾಗದ ಭಾರತದ ಇಂದಿನ ನಿಯಮಾವಳಿಯ ಉಪಕರಣ ಪಟ್ಟಿಯಲ್ಲಿಯೂ ಉಳಿದಿದೆ. ಹಾಳು ಬಾವಿಗೆ ಇಳಿಯುವಾಗ ಮಾಡುವಂತೆ ಹೊತ್ತಿಸಿದ ಕಾಗದವನ್ನು ಗುಂಡಿಯೊಳಕ್ಕೆ ಎಸೆದು ನೋಡುವ ರೂಢಿ ಇದಕ್ಕೆ ಸಮವಲ್ಲ. ಕೊಳಚೆ ಗುಂಡಿಯಲ್ಲಿ ಮೀಥೇನ್ ಇರುವುದರಿಂದ ಅದು ಪರೀಕ್ಷೆಗಿಂತ ಸ್ಫೋಟಕ್ಕೆ ಕೊಟ್ಟ ಆಹ್ವಾನವಾಗುತ್ತದೆ.

ಕೊಳವೆ ಕೆಡುವ ಬಗೆ

ಹಳೆಯ ಬೀದಿಗಳಲ್ಲಿ ಸುಟ್ಟ ಜೇಡಿಮಣ್ಣಿನ ಗಟ್ಟಿ ಕೊಳವೆಗಳಿವೆ. ದೊಡ್ಡ ಗಾತ್ರದವು ಬಹುಪಾಲು ಕಾಂಕ್ರೀಟಿನವು. ಜೇಡಿಮಣ್ಣಿನ ಕೊಳವೆ ಆಮ್ಲಕ್ಕೆ ಜಗ್ಗದಿದ್ದರೂ ಭಾರಕ್ಕೆ ಬಿರಿಯುತ್ತದೆ, ಸೇರುವೆಗಳಲ್ಲಿ ಮರದ ಬೇರು ನುಗ್ಗುತ್ತದೆ. ಕಾಂಕ್ರೀಟ್ ಕೊಳವೆ ಕೆಡುವ ರೀತಿ ಬೇರೆ. ಕೊಳಚೆಯಿಂದ ಮೇಲೇಳುವ ಹೈಡ್ರೋಜನ್ ಸಲ್ಫೈಡ್ ಕೊಳವೆಯ ಒಳಚಾವಣಿಯ ತೇವದಲ್ಲಿ ಕರಗುತ್ತದೆ. ಅಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಅದನ್ನು ಗಂಧಕಾಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲ ಸಿಮೆಂಟನ್ನು ತಿನ್ನುತ್ತದೆ. ತಳ ಗಟ್ಟಿಯಾಗಿಯೇ ಇದ್ದು ನೆತ್ತಿ ಮಾತ್ರ ಸವೆದು ಒಂದು ದಿನ ರಸ್ತೆಯೇ ಒಳಕ್ಕೆ ಕುಸಿಯುವುದಕ್ಕೆ ಕಾರಣ ಇದು. ದುರಸ್ತಿ ಬೇಕಾಗುವಂತೆ ಕೊಳವೆಯನ್ನು ತಿನ್ನುವ ಅನಿಲ ಮತ್ತು ದುರಸ್ತಿಗೆ ಇಳಿದವನನ್ನು ಕೊಲ್ಲುವ ಅನಿಲ ಒಂದೇ. ಹಾಗಾಗಿ ನೆತ್ತಿ ಸವೆದ ಕೊಳವೆ ಕಂಡಲ್ಲಿ ಗಾಳಿಯ ಬಗ್ಗೆ ಹೆಚ್ಚಿನ ಎಚ್ಚರ ಬೇಕು.

ಆಳುಗುಂಡಿಯ ರಚನೆಯನ್ನು ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಕೈಪಿಡಿ ನಿಗದಿಪಡಿಸಿದೆ. ದುಂಡನೆಯ ಗುಂಡಿಯ ಒಳವ್ಯಾಸ 1.65 ಮೀ. ಆಳದವರೆಗೆ 900 ಮಿ.ಮೀ., 2.30 ಮೀ.ವರೆಗೆ 1,200 ಮಿ.ಮೀ., 9 ಮೀ.ವರೆಗೆ 1,500 ಮಿ.ಮೀ. ಇರಬೇಕು. ಬಾಯಿಯ ತೆರಪು ಕನಿಷ್ಠ 560 ಮಿ.ಮೀ. ಇದು ಆರೋಗ್ಯವಂತ ಮನುಷ್ಯ ಇಳಿಯಲು ಸಾಕು. ಪ್ರಜ್ಞೆ ತಪ್ಪಿದವನನ್ನು ಎತ್ತಲು ಅಥವಾ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡವನು ಇಳಿಯಲು ಬಹಳ ಇಕ್ಕಟ್ಟು.

ಅಪಾಯಗಳು: ಅನಿಲ

ಒಳಚರಂಡಿಯ ಸಾವುಗಳಿಗೆ ಮುಖ್ಯ ಕಾರಣ ಹೈಡ್ರೋಜನ್ ಸಲ್ಫೈಡ್. ಕೊಳವೆಯ ಒಳಮೈಯ ಲೋಳೆಯಲ್ಲಿಯೂ ತಳದ ಹೂಳಿನಲ್ಲಿಯೂ ಗಾಳಿ ತಾಗದ ಕಡೆ ಬದುಕುವ ಬ್ಯಾಕ್ಟೀರಿಯಗಳು ಕೊಳಚೆಯಲ್ಲಿರುವ ಸಲ್ಫೇಟಿನಿಂದ ಇದನ್ನು ಉಂಟುಮಾಡುತ್ತವೆ. ಹರಿವು ನಿಧಾನವಾದಷ್ಟೂ ಬಿಸಿಲು ಏರಿದಷ್ಟೂ ಇದರ ಪ್ರಮಾಣ ಹೆಚ್ಚು. ಇದು ಗಾಳಿಗಿಂತ ಸುಮಾರು 1.2 ಪಟ್ಟು ಭಾರವಾದ್ದರಿಂದ ತಳದಲ್ಲಿ ಮಡುಗಟ್ಟುತ್ತದೆ.

ಒಂದು ಪಿಪಿಎಂಗಿಂತ ಎಷ್ಟೋ ಕಡಿಮೆ ಇದ್ದಾಗಲೇ ಕೊಳೆತ ಮೊಟ್ಟೆಯ ವಾಸನೆಯಾಗಿ ಇದು ಮೂಗಿಗೆ ಬಡಿಯುತ್ತದೆ. ಆದರೆ 100 ಪಿಪಿಎಂ ಮುಟ್ಟುವ ಹೊತ್ತಿಗೆ ವಾಸನೆ ಗ್ರಹಿಸುವ ನರವೇ ಸೋಲುತ್ತದೆ. ವಾಸನೆ ನಿಂತದ್ದನ್ನು ಗ್ಯಾಸ್ ಹೋಯಿತು ಎಂದು ತಿಳಿಯುವುದು ಅನೇಕರಿಗೆ ಮಾರಕವಾಗಿದೆ. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ನಿಯೋಷ್ 10 ಪಿಪಿಎಂಗೆ ಹತ್ತು ನಿಮಿಷದ ಮಿತಿ ಹಾಕಿದೆ. 100 ಪಿಪಿಎಂ ಪ್ರಾಣಕ್ಕೆ ತಕ್ಷಣದ ಅಪಾಯ ಎಂದು ಗೊತ್ತುಪಡಿಸಿದೆ. 500 ದಾಟಿದರೆ ಕೆಲವೇ ನಿಮಿಷಗಳಲ್ಲಿ ಕುಸಿತ. 700ರಿಂದ 1,000ದ ಆಸುಪಾಸಿನಲ್ಲಿ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪುತ್ತದೆ. ಕೆಲಸಗಾರರು ಗ್ಯಾಸ್ ಹೊಡೆಯಿತು ಎನ್ನುವುದು ಇದನ್ನೇ; ಏಣಿಯ ಮೇಲಿದ್ದವನು ಕೂಗಲೂ ಆಗದೆ ಕೆಳಗೆ ಬೀಳುತ್ತಾನೆ.

ಅನಿಲದ ಬಹುಭಾಗ ಹೂಳಿನಲ್ಲಿ, ನೀರಿನಲ್ಲಿ ಅಡಗಿರುತ್ತದೆ. ಗೋಲಿ ಸೋಡಾ ಕುಲುಕಿದಾಗ ಗುಳ್ಳೆ ಏಳುವಂತೆ, ಹೂಳನ್ನು ಕಾಲಿನಿಂದ ತುಳಿದಾಗ ಅಥವಾ ಸಲಿಕೆಯಿಂದ ಕದಡಿದಾಗ ಅದು ಒಮ್ಮೆಗೇ ಹೊರಬರುತ್ತದೆ. ಇಳಿಯುವ ಮುನ್ನ ಮಾಡಿದ ಪರೀಕ್ಷೆಯಲ್ಲಿ ಸೊನ್ನೆ ತೋರಿದ ಗುಂಡಿ ಐದು ನಿಮಿಷದ ಬಳಿಕ ಮಾರಕವಾಗುವುದು ಹೀಗೆ.

ಮೀಥೇನ್ ವಿಷವಲ್ಲ, ವಾಸನೆಯೂ ಇಲ್ಲ. ಗಾಳಿಗಿಂತ ಹಗುರವಾದ ಇದು ಗುಂಡಿಯ ಮೇಲ್ಭಾಗದಲ್ಲಿ ಸೇರುತ್ತದೆ, ಆಮ್ಲಜನಕದ ಜಾಗ ಕಬಳಿಸುತ್ತದೆ, ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಇದ್ದಾಗ ಒಂದು ಕಿಡಿಗೂ ಸಿಡಿಯುತ್ತದೆ. ಬೀಡಿ, ಗ್ರೈಂಡರಿನ ಕಿಡಿ, ಸಾಮಾನ್ಯ ಟಾರ್ಚಿನ ಸ್ವಿಚ್ಚು, ಇವುಗಳಲ್ಲಿ ಯಾವುದಾದರೂ ಸಾಕು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಳದಲ್ಲಿ ನಿಲ್ಲುತ್ತದೆ. ಕಾರ್ಬನ್ ಮಾನಾಕ್ಸೈಡ್ ಕೊಳಚೆಯಿಂದ ಬರುವುದಕ್ಕಿಂತ ಮೇಲಿನಿಂದಲೇ ಇಳಿಯುವುದು ಹೆಚ್ಚು: ಗುಂಡಿಯ ಬಾಯಿಯ ಪಕ್ಕದಲ್ಲಿಟ್ಟ ಜನರೇಟರು, ನೀರೆತ್ತುವ ಡೀಸೆಲ್ ಪಂಪು, ಚಾಲೂ ಬಿಟ್ಟ ಲಾರಿ ಇದರ ಮೂಲಗಳು. ಕಾರ್ಖಾನೆಗಳು ಕದ್ದು ಹರಿಸುವ ಆಮ್ಲ ಮತ್ತು ದ್ರಾವಕಗಳು ಊಹಿಸಲಾಗದ ಅನಿಲಗಳನ್ನು ಹುಟ್ಟಿಸುತ್ತವೆ. ಸಲ್ಫೈಡ್ ತುಂಬಿದ ಕೊಳಚೆಗೆ ಆಮ್ಲ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಇನ್ನಷ್ಟು ಬಿಡುಗಡೆಯಾಗುತ್ತದೆ.

ಸಹಜ ಗಾಳಿಯಲ್ಲಿ ಆಮ್ಲಜನಕ ಶೇ. 20.9. ಇದು ಶೇ. 19.5ಕ್ಕಿಂತ ಇಳಿದರೆ ಇಳಿಯುವಂತಿಲ್ಲ, ಶೇ. 23.5ನ್ನು ಮೀರಿದರೂ ಬೆಂಕಿಯ ಅಪಾಯವಿರುವುದರಿಂದ ಇಳಿಯುವಂತಿಲ್ಲ. ಗುಂಡಿಯ ಗಾಳಿ ಸರಿಪಡಿಸಲು ಆಮ್ಲಜನಕದ ಸಿಲಿಂಡರ್ ತೆರೆದುಬಿಡುವುದು ಇದೇ ಕಾರಣಕ್ಕೆ ನಿಷಿದ್ಧ.

ಅಪಾಯಗಳು: ಮಣ್ಣು

ಕೊಳವೆಯನ್ನು ಹೊರಗಿನಿಂದ ಸರಿಪಡಿಸಲು ಕಂದಕ ಅಗೆಯಬೇಕು. ಒಂದು ಘನ ಮೀಟರ್ ಮಣ್ಣು ಒಂದೂವರೆಯಿಂದ ಎರಡು ಟನ್ ತೂಗುತ್ತದೆ. ಎದೆಮಟ್ಟ ಹೂತರೂ ಪಕ್ಕೆಲುಬು ಅರಳಲು ಜಾಗವಿಲ್ಲದೆ ಉಸಿರು ಕಟ್ಟುವುದರಿಂದ, ತಲೆ ಹೊರಗಿದ್ದವರೂ ಬದುಕುಳಿಯುವುದು ಖಚಿತವಲ್ಲ. ದುರಸ್ತಿಯ ಕಂದಕ ಹೊಸ ಕಾಮಗಾರಿಯ ಕಂದಕಕ್ಕಿಂತ ಹೆಚ್ಚು ಅಪಾಯಕಾರಿ. ಹಿಂದೊಮ್ಮೆ ಅಗೆದು ತುಂಬಿದ ಮಣ್ಣು ಎಂದೂ ಮೂಲದ ಬಿಗಿ ಪಡೆಯುವುದಿಲ್ಲ. ಅದರ ಜೊತೆಗೆ ಸೋರುವ ಕೊಳವೆ ಅದನ್ನು ನೆನೆಸಿರುತ್ತದೆ, ಪಕ್ಕದಲ್ಲಿ ಬಸ್ಸು ಲಾರಿಗಳು ಓಡುತ್ತಿರುತ್ತವೆ.

ಭಾರತೀಯ ಮಾನಕ ಐಎಸ್ 3764ರ ಪ್ರಕಾರ 1.5 ಮೀ.ಗಿಂತ ಆಳದ ಕಂದಕಕ್ಕೆ ಹಲಗೆ ಮತ್ತು ಅಡ್ಡಗಂಬಗಳ ಆಸರೆ ಕೊಡಬೇಕು, ಇಲ್ಲವೇ ಗೋಡೆಗಳನ್ನು ಸಾಕಷ್ಟು ಇಳಿಜಾರಾಗಿ ಕಡಿಯಬೇಕು. ತೆಗೆದ ಮಣ್ಣನ್ನು ಅಂಚಿನಿಂದ 1.5 ಮೀ. ಅಥವಾ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರದಲ್ಲಿ ರಾಶಿ ಹಾಕಬೇಕು. ನಗರದ ಕಿರಿದಾದ ಅಡ್ಡರಸ್ತೆಗಳಲ್ಲಿ ಇಳಿಜಾರು ಕಡಿಯಲು ಜಾಗವಿರುವುದಿಲ್ಲವಾದ್ದರಿಂದ ಆಸರೆಯೇ ಗತಿ. ಮರದ ಹಲಗೆಗಳ ಬದಲು ಕ್ರೇನಿನಿಂದ ಇಳಿಸುವ ಉಕ್ಕಿನ ಪೆಟ್ಟಿಗೆಯಾಕಾರದ ಆಸರೆ, ಅಂದರೆ ಟ್ರೆಂಚ್ ಬಾಕ್ಸ್, ಹೆಚ್ಚು ಸುರಕ್ಷಿತ. ಅದನ್ನು ಕೂರಿಸಲು ಯಾರೂ ಆಸರೆಯಿಲ್ಲದ ಕಂದಕಕ್ಕೆ ಇಳಿಯಬೇಕಾಗಿಲ್ಲ.

ಅಗೆಯುವಾಗ ವಿದ್ಯುತ್ ಕೇಬಲ್ ಅಥವಾ ಅಡುಗೆ ಅನಿಲದ ಕೊಳವೆಗೆ ಹಾರೆ ತಾಗುವ ಭಯವೂ ಉಂಟು. ನೆಲದಡಿಯ ಸೇವೆಗಳ ಮಾಹಿತಿ ಹಂಚಿಕೊಳ್ಳಲು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪ್ ತಂದಿತು.

ಅಪಾಯಗಳು: ನೀರು, ಸೋಂಕು ಮತ್ತು ಇತರ

ದುರಸ್ತಿಯ ಭಾಗಕ್ಕೆ ನೀರು ಬಾರದಂತೆ ಮೇಲಿನ ಆಳುಗುಂಡಿಯಲ್ಲಿ ರಬ್ಬರಿನ ಗಾಳಿಚೀಲ ತುರುಕಿ ಉಬ್ಬಿಸುತ್ತಾರೆ, ತಡೆದ ಕೊಳಚೆಯನ್ನು ಪಂಪಿನಿಂದ ಎತ್ತಿ ಕೆಳಗಿನ ಗುಂಡಿಗೆ ದಾಟಿಸುತ್ತಾರೆ. 600 ಮಿ.ಮೀ. ಕೊಳವೆಯಲ್ಲಿ ಚೀಲದ ಹಿಂದೆ 3 ಮೀ. ಎತ್ತರಕ್ಕೆ ನೀರು ನಿಂತರೆ ಚೀಲದ ಮೇಲೆ ಬೀಳುವ ನೂಕುಬಲ ಸುಮಾರು 850 ಕೆ.ಜಿ. ತೂಕಕ್ಕೆ ಸಮ. ಗಾಳಿ ಸೋರಿ ಚೀಲ ಕಳಚಿದರೆ ಅದು ಗುಂಡಿನಂತೆ ಸಿಡಿಯುತ್ತದೆ, ಹಿಂದೆಯೇ ನೀರು ನುಗ್ಗುತ್ತದೆ. ಆದ್ದರಿಂದ ಚೀಲಕ್ಕೆ ಹೊರಗಿನ ಆಸರೆ ಕೊಡುವುದು, ಒತ್ತಡದ ಮಾಪಕವನ್ನು ನೆಲದ ಮೇಲಿಟ್ಟು ಒಬ್ಬರು ನೋಡುತ್ತಿರುವುದು ಕಡ್ಡಾಯ. ಚೀಲದ ಕೆಳಹರಿವಿನ ನೇರಕ್ಕೆ ಯಾರೂ ನಿಲ್ಲಬಾರದು. ಮಳೆನೀರು ಒಳಚರಂಡಿಗೆ ಸೇರುವ ಊರುಗಳಲ್ಲಿ ದೂರದಲ್ಲೆಲ್ಲೋ ಸುರಿದ ಮಳೆ ಇಲ್ಲಿ ಪ್ರವಾಹವಾಗುತ್ತದೆ. ಮೋಡ ಕವಿದಾಗ ಕೆಲಸ ನಿಲ್ಲಿಸಬೇಕು.

ಇಲಿಯ ಮೂತ್ರದಿಂದ ಹರಡುವ ಇಲಿ ಜ್ವರ, ಹೆಪಟೈಟಿಸ್ ಎ ಮತ್ತು ಇ, ಟೈಫಾಯ್ಡ್, ಧನುರ್ವಾಯು, ಚರ್ಮರೋಗಗಳು ಈ ವೃತ್ತಿಗೆ ಅಂಟಿಕೊಂಡ ಕಾಯಿಲೆಗಳು. ಕೊಳಚೆಯಲ್ಲಿ ಬರುವ ಬ್ಲೇಡು, ಗಾಜು, ಸೂಜಿಗಳಿಂದ ಆಗುವ ಗಾಯ ಸೋಂಕಿಗೆ ದಾರಿ. ಧನುರ್ವಾಯು, ಟೈಫಾಯ್ಡ್, ಹೆಪಟೈಟಿಸ್ ಎ ಮತ್ತು ಬಿಗಳಿಗೆ ಲಸಿಕೆಯಿದೆ. ಇಲಿ ಜ್ವರ ಆರಂಭದಲ್ಲಿ ಸಾಮಾನ್ಯ ಜ್ವರದಂತೆಯೇ ತೋರುವುದರಿಂದ, ರೋಗಿ ತನ್ನ ಕೆಲಸ ಯಾವುದೆಂದು ವೈದ್ಯರಿಗೆ ಹೇಳುವುದು ಚಿಕಿತ್ಸೆಗೆ ನೆರವಾಗುತ್ತದೆ.

ತುಕ್ಕು ಹಿಡಿದ ಮೆಟ್ಟಿಲುಕಂಬಿ ಮುರಿದು ಬೀಳುವುದು, ಭಾರದ ಮುಚ್ಚಳ ಬೆರಳಿನ ಮೇಲೆ ಕೂರುವುದು, ಜೆಟ್ಟಿಂಗ್ ಯಂತ್ರದ ಒತ್ತಡದ ನೀರು ಚರ್ಮವನ್ನು ತೂರುವುದು, ವಾಹನ ಬಂದು ಗುದ್ದುವುದು ಇನ್ನಿತರ ಅಪಾಯಗಳು. ರಸ್ತೆಯ ಕೆಲಸದ ಸ್ಥಳದಲ್ಲಿ ಕೋನ್, ಫಲಕ, ದೀಪಗಳ ವಿನ್ಯಾಸಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಎಸ್‌ಪಿ 55 ಮಾರ್ಗಸೂಚಿ ಆಧಾರ.

ಇಳಿಯುವ ಮುನ್ನ

ಐಎಸ್ 11972 ಎಂಬ 1987ರ ಮಾನಕ ಒಳಚರಂಡಿ ಪ್ರವೇಶದ ಮುನ್ನೆಚ್ಚರಿಕೆಗಳಿಗೇ ಮೀಸಲಾದದ್ದು. ಅಮೆರಿಕದಲ್ಲಿ 1993ರಿಂದ ಇಕ್ಕಟ್ಟು ಸ್ಥಳಗಳಿಗೆ ಲಿಖಿತ ಪರವಾನಗಿಯಿಲ್ಲದೆ ಇಳಿಯುವುದನ್ನು ಔದ್ಯೋಗಿಕ ಸುರಕ್ಷತಾ ನಿಯಮ ನಿಷೇಧಿಸಿದೆ. ಬ್ರಿಟನ್ನಿನಲ್ಲಿ 1997ರ ನಿಯಮ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಳಿಯದೆ ಮಾಡಬಹುದಾದ ಕೆಲಸಕ್ಕೆ ಇಳಿಯಲೇಬಾರದು ಎನ್ನುತ್ತದೆ. ಈ ಎಲ್ಲ ನಿಯಮಗಳ ಸಾಮಾನ್ಯ ಕ್ರಮ ಹೀಗಿದೆ.

ಇಳಿಯುವುದು ಅನಿವಾರ್ಯವೇ ಎಂಬುದನ್ನು ಮೊದಲು ಬರಹದಲ್ಲಿ ತೀರ್ಮಾನಿಸಲಾಗುತ್ತದೆ. ಆಮೇಲೆ ಕೊಳವೆಯ ಹರಿವನ್ನು ತಡೆದು ಗುಂಡಿಯನ್ನು ಬರಿದು ಮಾಡಬೇಕು. ಮೇಲಿನ ಪಂಪ್‌ಹೌಸಿಗೆ ತಿಳಿಸಿ, ಸ್ವಿಚ್ಚಿಗೆ ಬೀಗ ಹಾಕಿ ಚೀಟಿ ಕಟ್ಟಬೇಕು. ಕೆಲಸದ ಗುಂಡಿಯ ಜೊತೆಗೆ ಅದರ ಎರಡೂ ಪಕ್ಕದ ಗುಂಡಿಗಳ ಮುಚ್ಚಳ ತೆಗೆದು ಗಾಳಿಯಾಡಲು ಬಿಡಬೇಕು. ಕನಿಷ್ಠ ಅರ್ಧ ಗಂಟೆ ಹೀಗೆ ಬಿಡುವುದು ರೂಢಿಯಲ್ಲಿದ್ದರೂ, ಆಳದ ಗುಂಡಿಯಲ್ಲಿ ಬರೀ ಮುಚ್ಚಳ ತೆಗೆಯುವುದರಿಂದ ಭಾರದ ಅನಿಲ ಮೇಲೇಳುವುದಿಲ್ಲ. ಅದಕ್ಕೆ ಬ್ಲೋವರ್ ಬೇಕು. 1.2 ಮೀ. ವ್ಯಾಸದ 5 ಮೀ. ಆಳದ ಗುಂಡಿಯಲ್ಲಿ ಸುಮಾರು 5.7 ಘನ ಮೀಟರ್ ಗಾಳಿಯಿರುತ್ತದೆ. ಗಂಟೆಗೆ 1,000 ಘನ ಮೀಟರ್ ಗಾಳಿ ಕೊಡುವ ಬ್ಲೋವರ್ ಏಳು ನಿಮಿಷದಲ್ಲಿ ಅದರ ಇಪ್ಪತ್ತು ಪಟ್ಟು ಗಾಳಿಯನ್ನು ಒಳಕ್ಕೆ ತುಂಬುತ್ತದೆ. ಬ್ಲೋವರಿನ ಕೊಳವೆ ತಳದ ಹತ್ತಿರದವರೆಗೆ ಇಳಿದಿರಬೇಕು, ಅದು ಗಾಳಿ ಎಳೆಯುವ ಬಾಯಿ ಹೊಗೆ ಉಗುಳುವ ಯಂತ್ರಗಳಿಂದ ದೂರ ಇರಬೇಕು.

ಅನಿಲಮಾಪಕದಿಂದ ಪರೀಕ್ಷಿಸುವ ಅನುಕ್ರಮ ನಿಶ್ಚಿತ: ಮೊದಲು ಆಮ್ಲಜನಕ, ಬಳಿಕ ಉರಿಯುವ ಅನಿಲ, ಕೊನೆಗೆ ವಿಷಾನಿಲ. ಉರಿಯುವ ಅನಿಲವನ್ನು ಅಳೆಯುವ ಸಾಮಾನ್ಯ ಸೆನ್ಸರ್ ಆಮ್ಲಜನಕವಿಲ್ಲದೆಡೆ ತಪ್ಪು ಅಂಕಿ ತೋರಿಸುವುದರಿಂದ ಈ ಅನುಕ್ರಮ. ಉರಿಯುವ ಅನಿಲ ಸ್ಫೋಟದ ಕೆಳಮಿತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು. ಮೇಲೆ, ನಡುವೆ, ತಳದಲ್ಲಿ ಪ್ರತ್ಯೇಕವಾಗಿ ಅಳೆಯಬೇಕು. ಉದ್ದನೆಯ ಹೀರುಕೊಳವೆ ಬಳಸಿದರೆ ತಳದ ಗಾಳಿ ಮಾಪಕ ತಲುಪುವವರೆಗೆ ಕಾಯಬೇಕು. ಇಳಿದ ಮೇಲೂ ಮಾಪಕ ಕೆಲಸಗಾರನ ಎದೆಯ ಮೇಲೆ ಚಾಲೂ ಇರಬೇಕು. ಬ್ಲೋವರ್ ಕೆಲಸ ಮುಗಿಯುವವರೆಗೆ ನಿಲ್ಲುವಂತಿಲ್ಲ.

ಗುಂಡಿಯ ಬಾಯಲ್ಲಿ ಒಬ್ಬ ಕಾವಲುಗಾರ ಇರುತ್ತಾನೆ. ಒಳಗಿರುವವನ ಜೊತೆ ಮಾತು ಅಥವಾ ಹಗ್ಗದ ಸನ್ನೆ ಬಿಡದಂತೆ ಇರುವುದು, ಅಪಾಯ ಕಂಡರೆ ಹೊರಗೆ ಕರೆಯುವುದು, ನೆರವಿಗೆ ಕರೆ ಕಳಿಸುವುದು ಅವನ ಕೆಲಸ. ಆ ಸಮಯದಲ್ಲಿ ಬೇರೆ ಯಾವ ಕೆಲಸವನ್ನೂ ಅವನಿಗೆ ಹಚ್ಚಕೂಡದು. ಅವನು ತಾನೇ ಒಳಗೆ ಇಳಿಯಕೂಡದು.

ಉಪಕರಣಗಳು

ಬಟ್ಟೆಯ ಮಾಸ್ಕ್ ಅಥವಾ ದೂಳಿನ ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ. ಇದ್ದಿಲ ಡಬ್ಬಿಯ ಮುಖವಾಡ ಕೆಲವು ಅನಿಲಗಳನ್ನು ಹೀರಿಕೊಂಡರೂ ಆಮ್ಲಜನಕ ಕೊಡುವುದಿಲ್ಲ. ಒಳಚರಂಡಿಗೆ ತಕ್ಕವು ಎರಡೇ: ಬೆನ್ನಿನ ಸಿಲಿಂಡರಿನಿಂದ ಶುದ್ಧಗಾಳಿ ಕೊಡುವ ಉಸಿರಾಟದ ಸಾಧನ, ಮತ್ತು ಮೇಲಿನಿಂದ ಕೊಳವೆಯಲ್ಲಿ ಗಾಳಿ ಇಳಿಸುವ ಏರ್‌ಲೈನ್ ಮುಖವಾಡ. ಎರಡನೆಯದು ಇಕ್ಕಟ್ಟಾದ ಬಾಯಿಗೆ ಹೊಂದುತ್ತದೆಯಾದರೂ ಗಾಳಿ ನಿಂತಾಗ ಹೊರಬರಲು ಸೊಂಟದಲ್ಲಿ ಸಣ್ಣ ಸಿಲಿಂಡರ್ ಇರಬೇಕು.

ಮೈತುಂಬ ಹಿಡಿಯುವ ಹಾರ್ನೆಸ್, ಅದಕ್ಕೆ ಬೆನ್ನ ಮೇಲೆ ಕಟ್ಟಿದ ಹಗ್ಗ, ಗುಂಡಿಯ ಮೇಲೆ ನಿಲ್ಲಿಸಿದ ಮುಕ್ಕಾಲಿ ಮತ್ತು ಅದರ ರಾಟೆ, ಇವು ಒಂದೇ ಉಪಕರಣದ ಭಾಗಗಳು ಎಂದು ತಿಳಿಯಬೇಕು. ಒಂದಿಲ್ಲದಿದ್ದರೆ ಉಳಿದವು ನಿರರ್ಥಕ. ಸೊಂಟದ ಬೆಲ್ಟು ಇವುಗಳಿಗೆ ಬದಲಿಯಲ್ಲ, ಎತ್ತುವಾಗ ದೇಹ ಎರಡಾಗಿ ಮಡಿಸಿಕೊಂಡು ಕಿರಿಬಾಯಿಯಲ್ಲಿ ಸಿಕ್ಕಿಬೀಳುತ್ತದೆ. ಗಂಬೂಟು ಸೇರಿದ ಜಲನಿರೋಧಕ ಉಡುಪು, ಗಟ್ಟಿ ಕೈಗವಸು, ಹೆಲ್ಮೆಟ್, ಕಿಡಿ ಹಾರದ ತಲೆದೀಪ, ಪ್ರತಿಫಲಿಸುವ ಜಾಕೆಟ್, ಕೆಲಸದ ನಂತರ ಸ್ನಾನಕ್ಕೆ ನೀರು ಮತ್ತು ಸೋಪು ಉಳಿದ ಅಗತ್ಯಗಳು.

ರಕ್ಷಣಾ ಕಾರ್ಯ

ಇಕ್ಕಟ್ಟು ಸ್ಥಳದ ದುರಂತಗಳಲ್ಲಿ ಸತ್ತವರ ಪೈಕಿ ಶೇ. 60ಕ್ಕೂ ಹೆಚ್ಚು ಮಂದಿ ಇತರರನ್ನು ಉಳಿಸಲು ಹೋದವರು ಎಂದು ನಿಯೋಷ್ 1986ರಲ್ಲಿ ಪ್ರಕಟಿಸಿತು. ಭಾರತದಲ್ಲಿಯೂ ಒಬ್ಬ ಬಿದ್ದ, ಎತ್ತಲು ಇನ್ನೊಬ್ಬ ಇಳಿದ, ಮತ್ತೊಬ್ಬ ಇಳಿದ ಎಂಬ ವರದಿ ಮರುಕಳಿಸುತ್ತಲೇ ಇದೆ. 2015ರ ನವೆಂಬರ್‌ನಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಆಂಧ್ರದಿಂದ ಬಂದ ಇಬ್ಬರು ಕೆಲಸಗಾರರ ಜೊತೆ, ಅವರನ್ನು ಉಳಿಸಲು ಇಳಿದ ಸ್ಥಳೀಯ ಆಟೋ ಚಾಲಕರೂ ಪ್ರಾಣ ಕಳೆದುಕೊಂಡರು.

ಆಮ್ಲಜನಕವಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮಿದುಳಿಗೆ ಹಾನಿ ಆರಂಭವಾಗುತ್ತದೆ. ಅಗ್ನಿಶಾಮಕ ದಳ ಅಷ್ಟರಲ್ಲಿ ಬರುವುದು ವಿರಳ. ಆದ್ದರಿಂದ ರಕ್ಷಣೆಯ ಏರ್ಪಾಡು ಇಳಿಯುವ ಮೊದಲೇ ಮುಗಿದಿರಬೇಕು. ಕೆಲಸಗಾರ ತಾನೇ ಏರಿ ಬರುವುದು ಎಲ್ಲಕ್ಕಿಂತ ಒಳ್ಳೆಯದು. ಅದಾಗದಿದ್ದರೆ ಯಾರೂ ಇಳಿಯದೆ ರಾಟೆಯಿಂದ ಎತ್ತುವುದು. ಉಸಿರಾಟದ ಸಾಧನ ತೊಟ್ಟ ತರಬೇತಾದವರು ಇಳಿಯುವುದು ಕಡೆಯ ದಾರಿ. ಹಗ್ಗ ಕಟ್ಟಿಕೊಳ್ಳದೆ ಇಳಿದವನಿಗೆ ಎರಡನೆಯ ದಾರಿ ಇಳಿದ ಕ್ಷಣದಲ್ಲೇ ಮುಚ್ಚಿಹೋಗಿರುತ್ತದೆ.

ಇಳಿಯದೆ ದುರಸ್ತಿ

ಕೊಳವೆಯೊಳಗೆ ಕ್ಯಾಮೆರಾ ಗಾಡಿ ಓಡಿಸಿ ಬಿರುಕನ್ನು ಗುರುತಿಸುವುದು ಈಗ ಸಾಮಾನ್ಯವಾಗಿದೆ. ರಾಳದಲ್ಲಿ ನೆನೆಸಿದ ಬಟ್ಟೆಯ ಟ್ಯೂಬನ್ನು ಹಳೆಯ ಕೊಳವೆಯೊಳಗೆ ಸೇರಿಸಿ, ಬಿಸಿನೀರು ಅಥವಾ ಹಬೆಯಿಂದ ಗಟ್ಟಿಗೊಳಿಸಿ, ಕೊಳವೆಯೊಳಗೊಂದು ಕೊಳವೆ ಮಾಡುವ ವಿಧಾನವನ್ನು 1971ರಲ್ಲಿ ಲಂಡನ್ನಿನಲ್ಲಿ ಎರಿಕ್ ವುಡ್ ಮೊದಲ ಬಾರಿ ಬಳಸಿದರು. ಹಳೆಯ ಕೊಳವೆಯನ್ನು ಒಳಗಿನಿಂದ ಒಡೆಯುತ್ತ ಅದೇ ದಾರಿಯಲ್ಲಿ ಹೊಸದನ್ನು ಎಳೆಯುವುದು, ಚಿಕ್ಕ ಗಾತ್ರದ ಪ್ಲಾಸ್ಟಿಕ್ ಕೊಳವೆಯನ್ನು ಹಳೆಯದರೊಳಗೆ ತೂರಿಸುವುದು ಬೇರೆ ವಿಧಾನಗಳು. ಇವು ಕಂದಕವನ್ನೂ ಪ್ರವೇಶವನ್ನೂ ಬಹಳ ಮಟ್ಟಿಗೆ ತಪ್ಪಿಸುತ್ತವೆ, ಆದರೆ ಅಪಾಯವನ್ನು ಪೂರ್ಣವಾಗಿ ಅಳಿಸುವುದಿಲ್ಲ: ರಾಳದಿಂದ ಏಳುವ ಸ್ಟೈರೀನ್ ಆವಿ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ಹೂಳು ತೆಗೆಯಲು ಕೇರಳದ ಜೆನ್‌ರೋಬೋಟಿಕ್ಸ್ ರೂಪಿಸಿದ ಬ್ಯಾಂಡಿಕೂಟ್ ಎಂಬ ರೋಬೋ 2018ರಿಂದ ಬಳಕೆಯಲ್ಲಿದೆ. ಅದು ಗುಂಡಿಯನ್ನು ಶುಚಿಮಾಡಬಲ್ಲದು, ಕೊಳವೆಯ ಸೇರುವೆಯನ್ನು ಕಟ್ಟಲಾರದು.

ಕಾನೂನು

ಬರಿಗೈಯಿಂದ ಮಲ ಬಾಚುವ ಉದ್ಯೋಗವನ್ನು ನಿಷೇಧಿಸಿದ 1993ರ ಕೇಂದ್ರ ಕಾಯ್ದೆ ಒಣ ಪಾಯಖಾನೆಗಳನ್ನು ಗುರಿಯಾಗಿಟ್ಟುಕೊಂಡಿತ್ತು, ಒಳಚರಂಡಿ ಅದರ ಹೊರಗುಳಿದಿತ್ತು. 2013ರ ಡಿಸೆಂಬರ್ 6ರಂದು ಜಾರಿಗೆ ಬಂದ ಹೊಸ ಕಾಯ್ದೆಯ 7ನೆಯ ಕಲಂ ಒಳಚರಂಡಿ ಮತ್ತು ಶೌಚಗುಂಡಿಗಳ ಅಪಾಯಕಾರಿ ಸ್ವಚ್ಛತೆಯನ್ನು ನಿಷೇಧಿಸಿತು. ರಕ್ಷಣಾ ಸಾಧನ ಮತ್ತು ಮುನ್ನೆಚ್ಚರಿಕೆಗಳನ್ನು ಒದಗಿಸದೆ ಮನುಷ್ಯನಿಂದ ಮಾಡಿಸುವ ಸ್ವಚ್ಛತೆಯೇ ಕಾಯ್ದೆಯ ದೃಷ್ಟಿಯಲ್ಲಿ ಅಪಾಯಕಾರಿ ಸ್ವಚ್ಛತೆ. ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮರುಕಳಿಸಿದರೆ ಐದು ವರ್ಷ, ಐದು ಲಕ್ಷದವರೆಗೆ.

ಅದೇ ವರ್ಷದ ನಿಯಮಾವಳಿಯ 3ನೆಯ ನಿಯಮ, ರಕ್ಷಣಾ ಸಾಧನಗಳೊಂದಿಗೆ ಮನುಷ್ಯ ಇಳಿಯಬಹುದಾದ ಸಂದರ್ಭಗಳನ್ನು ಎಣಿಸುತ್ತದೆ. ಯಂತ್ರ ಬಳಸಲಾಗದ ಕಡೆ ಮುರಿದ ಮುಚ್ಚಳ ತೆಗೆಯುವುದು, 300 ಮಿ.ಮೀ.ಗಿಂತ ದೊಡ್ಡದಾದ ಹಳೆಯ ಮುಖ್ಯ ಕೊಳವೆಗೆ ಹೊಸದನ್ನು ಜೋಡಿಸುವುದು, ಪಂಪ್‌ಬಾವಿಯ ತಳದ ಪಂಪ್ ತೆಗೆಯುವುದು, ಆಳುಗುಂಡಿಯನ್ನು ಮರುಕಟ್ಟುವುದು ಅಥವಾ ಮುಖ್ಯ ಕೊಳವೆಯನ್ನು ಸರಿಪಡಿಸುವುದು ಇವುಗಳಲ್ಲಿ ಸೇರಿವೆ. ಉಳಿದ ಯಾವುದೇ ಅನಿವಾರ್ಯಕ್ಕೆ ಸ್ಥಳೀಯ ಸಂಸ್ಥೆಯ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬೇಕು. ದುರಸ್ತಿಯ ಕೆಲಸಗಳಲ್ಲಿ ಇಳಿಯುವ ಮುನ್ನ ಕೊಳಚೆಯನ್ನು ಪೂರ್ತಿ ಬರಿದುಮಾಡಬೇಕು. ಕೆಲಸಗಾರನ ಹೆಸರಿನಲ್ಲಿ ಕನಿಷ್ಠ 10 ಲಕ್ಷ ರೂಪಾಯಿಯ ಜೀವವಿಮೆ ಇರಬೇಕು, ಕಂತು ಮಾಲೀಕನೇ ಕಟ್ಟಬೇಕು.

ಸಫಾಯಿ ಕರ್ಮಚಾರಿ ಆಂದೋಲನ ಎಂಬ ಸಂಘಟನೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2014ರ ಮಾರ್ಚ್ 27ರಂದು, 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ತುರ್ತಿನ ಸಂದರ್ಭದಲ್ಲಿಯೂ ಸಾಧನಗಳಿಲ್ಲದೆ ಇಳಿಸುವುದು ಅಪರಾಧ ಎಂದೂ ಹೇಳಿತು. ಆಂದೋಲನದ ಸ್ಥಾಪಕರಲ್ಲೊಬ್ಬರಾದ ಬೆಜವಾಡ ವಿಲ್ಸನ್ ಹುಟ್ಟಿದ್ದು ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ 20ರ ಬಲರಾಮ್ ಸಿಂಗ್ ತೀರ್ಪು ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಶಾಶ್ವತ ಅಂಗವೈಕಲ್ಯಕ್ಕೆ 20 ಲಕ್ಷ ಗೊತ್ತುಮಾಡಿತು.

ಕರ್ನಾಟಕದಲ್ಲಿ

ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಅವರ ಕಾಲದಲ್ಲಿ, 1970ರ ದಶಕದಲ್ಲಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯ ನಿಷೇಧಿಸಿತು. ಪೌರಕಾರ್ಮಿಕರ ಸ್ಥಿತಿಗತಿಗಳ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿಯ ವರದಿ ಬಂದದ್ದೂ ಅದೇ ದಶಕದಲ್ಲಿ. ಬೆಂಗಳೂರಿನ ಒಳಚರಂಡಿ 1964ರಲ್ಲಿ ಸ್ಥಾಪನೆಯಾದ ಜಲಮಂಡಳಿಯ ಹೊಣೆ. ಉಳಿದ ಪಟ್ಟಣಗಳಲ್ಲಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಜಾಲ ನಿರ್ಮಿಸುತ್ತದೆ. ಬೆಂಗಳೂರಿನ ಟ್ರಂಕ್ ಲೈನ್‌ಗಳು ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳ ಇಳಿಜಾರು ಹಿಡಿದು ರಾಜಕಾಲುವೆಗಳ ಪಕ್ಕದಲ್ಲೇ ಸಾಗುವುದರಿಂದ ಮಳೆಗಾಲದಲ್ಲಿ ಅವುಗಳ ದುರಸ್ತಿ ವಿಶೇಷವಾಗಿ ಕಷ್ಟ.

2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರ ಪ್ರದೇಶದ ಆಳುಗುಂಡಿಯೊಂದರಲ್ಲಿ ಮೂವರು ಮೃತಪಟ್ಟರು. 2021ರ ಜೂನ್‌ನಲ್ಲಿ ರಾಮನಗರದಲ್ಲಿ ಮೂವರು ಇದೇ ರೀತಿ ಅಸುನೀಗಿದರು. ಗುತ್ತಿಗೆ ಪದ್ಧತಿ ಇಂಥ ಪ್ರಕರಣಗಳನ್ನು ಜಟಿಲಗೊಳಿಸುತ್ತದೆ. ಕೆಲಸ ಸರ್ಕಾರಿ ಸಂಸ್ಥೆಯದು, ಆಳು ಗುತ್ತಿಗೆದಾರನವನು, ಇಳಿಯಲು ಹೇಳಿದ ಮೇಸ್ತ್ರಿ ಉಪಗುತ್ತಿಗೆದಾರನ ಕಡೆಯವನು. ಆದರೆ ಕಾಯ್ದೆಯ 7ನೆಯ ಕಲಂ ನೇರವಾಗಿ ಅಥವಾ ಪರೋಕ್ಷವಾಗಿ ನೇಮಿಸಿಕೊಂಡ ಸ್ಥಳೀಯ ಸಂಸ್ಥೆಯನ್ನೂ ಹೊಣೆಯಿಂದ ಬಿಡುವುದಿಲ್ಲ.

ಇಂದಿನ ಸ್ಥಿತಿ

2019ರಿಂದ 2023ರವರೆಗಿನ ಐದು ವರ್ಷಗಳಲ್ಲಿ ಒಳಚರಂಡಿ ಮತ್ತು ಶೌಚಗುಂಡಿಗಳ ಅಪಾಯಕಾರಿ ಸ್ವಚ್ಛತೆಯಲ್ಲಿ 377 ಮಂದಿ ಸತ್ತರೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. 2022 ಮತ್ತು 2023ರಲ್ಲಿ ಸಂಭವಿಸಿದ 54 ಸಾವುಗಳನ್ನು ಪರಿಶೀಲಿಸಿದ ಸರ್ಕಾರಿ ಸಾಮಾಜಿಕ ಲೆಕ್ಕಪರಿಶೋಧನೆಯಲ್ಲಿ, 49 ಮಂದಿ ಯಾವ ರಕ್ಷಣಾ ಸಾಧನವನ್ನೂ ತೊಟ್ಟಿರಲಿಲ್ಲ ಎಂಬುದು ಕಂಡುಬಂತು. ಈ ವೃತ್ತಿಯಲ್ಲಿರುವವರು ಬಹುಪಾಲು ಪರಿಶಿಷ್ಟ ಜಾತಿಗಳಿಗೆ ಸೇರಿದವರು. ಹೀಗಾಗಿ ಭಾರತದಲ್ಲಿ ಈ ವಿಷಯವನ್ನು ಎಂಜಿನಿಯರಿಂಗ್ ಪ್ರಶ್ನೆಯಾಗಿ ಮಾತ್ರ ವಿವರಿಸಲಾಗದು.

ಒಳಚರಂಡಿ ಕೆಲಸಗಾರರನ್ನು ಗುರುತಿಸಿ ತರಬೇತಿ, ಸಾಧನ ಮತ್ತು ವಿಮೆ ಒದಗಿಸುವ ನಮಸ್ತೆ ಯೋಜನೆ 2023ರಲ್ಲಿ ಆರಂಭವಾಯಿತು. 2025ರ ಜನವರಿ 29ರಂದು ಸುಪ್ರೀಂ ಕೋರ್ಟ್ ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತ, ಬೆಂಗಳೂರು, ಹೈದರಾಬಾದ್ ನಗರಗಳಲ್ಲಿ ಮನುಷ್ಯರಿಂದ ಒಳಚರಂಡಿ ಶುಚಿಗೊಳಿಸುವುದನ್ನು ನಿಲ್ಲಿಸಲು ಆದೇಶಿಸಿತು. ಸಾಧನವಿಲ್ಲದೆ ಯಾರನ್ನಾದರೂ ಗುಂಡಿಗೆ ಇಳಿಸುವುದು ಕಂಡರೆ ರಾಷ್ಟ್ರೀಯ ಸಹಾಯವಾಣಿ 14420ಕ್ಕೆ, ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಕರೆ ಮಾಡಿ ತಿಳಿಸಬಹುದು.